ಕೂಡಿ ತಂದ ಬಹುಮತ, ಕಳೆದು ತಂದ ಬಹುಮತ

225 ಜನರ ಸಂಸತ್ತಿನಲ್ಲಿ ತನ್ನ ಕಡೆಯವರು ಬರೀ 3 ಜನ ಇರುವಾಗ ಒಬ್ಬ ಮನುಷ್ಯ ದೇಶದ ಅಧ್ಯಕ್ಷನಾಗಿ ಕೂತರೆ ಅವನು ಮೊದಲು ಮಾಡಬೇಕಾದ್ದು ಏನು? ನೋಡೋಕೆ ಇದು ಲೆಕ್ಕದ ಪ್ರಶ್ನೆ. ನನ್ನನ್ನು ಮಾತ್ರ ಇದು ಧರ್ಮದ ಪ್ರಶ್ನೆಯಾಗಿ ಕಾಡುತ್ತಿದೆ. ಧರ್ಮ ಅಂದಕೂಡಲೇ ಗಂಟೆ ಜಾಗಟೆ ನೆನಪಾಗುವ ಗೆಳೆಯರು ಇದನ್ನು ನ್ಯಾಯದ ಪ್ರಶ್ನೆ ಅಂತ ಓದಿಕೊಳ್ಳಲಿ, ನನ್ನ ತಕರಾರಿಲ್ಲ.

ನಾನು ಹೇಳುತ್ತಿರುವುದು ಶ್ರೀಲಂಕಾದ ಮಾತು. 2024ರ ಸೆಪ್ಟೆಂಬರ್ 21ರಂದು ಅಲ್ಲಿ ಅಧ್ಯಕ್ಷನ ಚುನಾವಣೆ ಆಯಿತು. ಸರ್ವೆ ಇಲಾಖೆಯಲ್ಲಿ ಕೂಲಿಯಾಳಾಗಿದ್ದವರ ಮಗ ಅನುರ ಕುಮಾರ ದಿಸ್ಸನಾಯಕೆ ಗೆದ್ದ. ಐದು ವರ್ಷದ ಹಿಂದೆ, 2019ರಲ್ಲಿ, ಇದೇ ಮನುಷ್ಯ ಇದೇ ಸ್ಥಾನಕ್ಕೆ ನಿಂತು ನೂರಕ್ಕೆ ಮೂರು ಓಟು ಪಡೆದಿದ್ದ. ಈ ಸಲ ಮೊದಲ ಎಣಿಕೆಯಲ್ಲಿ ಸಿಕ್ಕಿದ್ದು ಶೇಕಡಾ 42.31. ಗೆದ್ದನೇನೋ ಸರಿ, ಆದರೆ ಅರ್ಧಕ್ಕಿಂತ ಹೆಚ್ಚು ಜನ ಬೇರೆಯವರ ಹೆಸರಿನ ಮುಂದೆ ಗುರುತು ಹಾಕಿದ್ದರು. ಆ ದೇಶದಲ್ಲಿ ಮೊಟ್ಟಮೊದಲ ಸಲ ಎರಡನೆಯ ಆಯ್ಕೆಯ ಓಟುಗಳನ್ನೂ ಎಣಿಸಿ ಗೆದ್ದವನನ್ನು ಸಾರಬೇಕಾಯಿತು. 23ರಂದು ಪ್ರಮಾಣ ಮಾಡಿದ. ಸಂಸತ್ತಿನಲ್ಲಿ ಅವನ ಎನ್‌ಪಿಪಿ ಕೂಟಕ್ಕೆ ಇದ್ದದ್ದು 3 ಸೀಟು. ಹರಿಣಿ ಅಮರಸೂರ್ಯ ಎಂಬ, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಹೆಣ್ಣುಮಗಳನ್ನು ಪ್ರಧಾನಿ ಮಾಡಿ, ವಿಜಿತ ಹೇರತ್‌ನನ್ನು ಜೊತೆಗೆ ಹಾಕಿಕೊಂಡು, ಇದ್ದಬದ್ದ ಖಾತೆಗಳನ್ನೆಲ್ಲ ಮೂವರೇ ಹಂಚಿಕೊಂಡರು. 24ರ ರಾತ್ರಿ ಸಂಸತ್ತನ್ನು ವಿಸರ್ಜಿಸಿ ಸಹಿ ಹಾಕಿದ. ನವೆಂಬರ್ 14ಕ್ಕೆ ಚುನಾವಣೆ ಅಂತ ಗೊತ್ತಾಯಿತು. ಮೊದಲ ಸಲ ಗೆದ್ದು ಬಂದಿದ್ದ ಸದಸ್ಯರು ಐದು ವರ್ಷ ತುಂಬಲಿಲ್ಲವಲ್ಲಾ, ಪಿಂಚಣಿ ಹೋಯಿತಲ್ಲಾ ಅಂತ ಗೋಳಾಡಿದರಂತೆ. ಅವರ ದುಃಖದಲ್ಲಿ ನನಗೆ ಪಾಲು ಬೇಡ.

ಮೂರು ಸೀಟಿನವನಿಗೆ ಇನ್ನೊಂದು ದಾರಿಯೂ ಇತ್ತು. ಆ ದಾರಿಯನ್ನು ಅವನಿಗಿಂತ ಮುಂಚೆ ಕೂತಿದ್ದವನು ತೋರಿಸಿಕೊಟ್ಟಿದ್ದ. 2022ರಲ್ಲಿ ಆ ನಾಡಿನ ಬೊಕ್ಕಸ ಬರಿದಾಗಿ, ಸೀಮೆಎಣ್ಣೆಗೂ ಗ್ಯಾಸಿಗೂ ಜನ ದಿನಗಟ್ಟಲೆ ಸಾಲು ನಿಂತು, ಕೊನೆಗೆ ರೊಚ್ಚಿಗೆದ್ದು ಅಧ್ಯಕ್ಷನ ಅರಮನೆಗೇ ನುಗ್ಗಿದರು. ಗೋಟಬಯ ರಾಜಪಕ್ಸ ಜುಲೈ 13ರಂದು ದೇಶ ಬಿಟ್ಟು ಓಡಿದ. ಆಗ ಆ ಕುರ್ಚಿಗೆ ಬಂದವನು ರನಿಲ್ ವಿಕ್ರಮಸಿಂಘೆ. ಅವನ ಪಕ್ಷಕ್ಕೆ ಇಡೀ ಸಂಸತ್ತಿನಲ್ಲಿ ಇದ್ದದ್ದು ಒಂದೇ ಸೀಟು, ಅದೂ ಪಟ್ಟಿಯಿಂದ ಬಂದದ್ದು. ಅದರಲ್ಲಿ ಕೂತಿದ್ದವನು ಅವನೇ. ಜುಲೈ 20ರಂದು ಸಂಸತ್ತಿನ 134 ಸದಸ್ಯರು ಅವನಿಗೆ ಓಟು ಹಾಕಿದರು. ಯಾರ ಸದಸ್ಯರು? ಜನ ಯಾರನ್ನು ಬೀದಿಗಿಳಿದು ಓಡಿಸಿದ್ದರೋ ಅದೇ ರಾಜಪಕ್ಸಗಳ ಸದಸ್ಯರು. ಹೀಗೆ ಒಬ್ಬನೇ ಇದ್ದವನು ರಾತ್ರಿ ಬೆಳಗಾಗುವುದರೊಳಗೆ ಬಹುಮತದವನಾದ. ಸಂವಿಧಾನದ ಒಂದಕ್ಷರವೂ ಮುರಿಯಲಿಲ್ಲ. ಎರಡು ವರ್ಷದ ಮೇಲೆ ಆಳಿದ. ಸಂಸತ್ತನ್ನು ವಿಸರ್ಜಿಸುವ ಹಕ್ಕು ನಡುವೆ ಅವನ ಕೈಗೂ ಬಂದಿತ್ತು, ಮುಟ್ಟಲಿಲ್ಲ. 2023ರ ಮಾರ್ಚಿಗೆ ಗೊತ್ತಾಗಿದ್ದ ಪಂಚಾಯ್ತಿ, ಪುರಸಭೆಗಳ ಚುನಾವಣೆಯನ್ನು ದುಡ್ಡಿಲ್ಲ ಅಂತ ನಿಲ್ಲಿಸಿದರು. ಅದು ಜನರ ಮೂಲಭೂತ ಹಕ್ಕಿನ ಉಲ್ಲಂಘನೆ ಅಂತ ಅಲ್ಲಿನ ಸುಪ್ರೀಂ ಕೋರ್ಟು 2024ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು.

ಇದಕ್ಕೆ ನಾನು ಕಡ ತಂದ ಬಹುಮತ ಅನ್ನುತ್ತೇನೆ. ಕಡ ತಂದವನು ಕೊಟ್ಟವನ ಮುಂದೆ ತಲೆಯೆತ್ತಿ ನಿಲ್ಲಲಾರ. ಇದು ಜೀತದ ಮನೆಗಳಲ್ಲಿ ಹುಟ್ಟಿದವರಿಗೆ ಪುಸ್ತಕ ಓದಿ ತಿಳಿಯಬೇಕಾದ ಸಂಗತಿ ಅಲ್ಲ. ಮೂರು ಸೀಟಿನವನು ಈ ಕಡಕ್ಕೆ ಕೈಯೊಡ್ಡದೆ ಜನರ ಹತ್ತಿರ ಹೋದ. ಅಷ್ಟರಮಟ್ಟಿಗೆ ಅವನು ಮಾಡಿದ್ದು ಸರಿ.

ಅಷ್ಟರಮಟ್ಟಿಗೆ ಅಂದೆ. ಯಾಕೆಂದರೆ ಸಂಸತ್ತನ್ನು ವಿಸರ್ಜಿಸಿ ‘ಜನರ ಹತ್ತಿರ ಹೋಗ್ತೀನಿ’ ಅನ್ನುವುದೇ ಪುಣ್ಯದ ಕೆಲಸವಲ್ಲ. ಕುಡುಗೋಲು ಪೈರನ್ನೂ ಕೊಯ್ಯುತ್ತೆ, ಕತ್ತನ್ನೂ ಕೊಯ್ಯುತ್ತೆ. ಇದೇ ಶ್ರೀಲಂಕಾದಲ್ಲಿ 2018ರ ಅಕ್ಟೋಬರ್ 26ರಂದು ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಇದ್ದ ಪ್ರಧಾನಿಯನ್ನು ಕಿತ್ತುಹಾಕಿ ಮಹಿಂದ ರಾಜಪಕ್ಸನನ್ನು ತಂದು ಕೂರಿಸಿದ. ಎಷ್ಟು ಎಳೆದಾಡಿದರೂ ಬಹುಮತ ಕೂಡಲಿಲ್ಲ. ಆಗ ನವೆಂಬರ್ 9ರಂದು ಅವನೂ ಸಂಸತ್ತನ್ನು ವಿಸರ್ಜಿಸಿದ, ಅವನೂ ‘ಜನರೇ ತೀರ್ಮಾನ ಮಾಡಲಿ’ ಅಂದ. ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರು ಡಿಸೆಂಬರ್ 13ರಂದು ಒಂದೇ ಬಾಯಿಂದ ಇದು ಸಂವಿಧಾನಬಾಹಿರ ಅಂದರು. ಮಾತು ಅದೇ, ಸಹಿ ಅದೇ, ಆದರೆ ಒಬ್ಬ ಮಾಡಿದ್ದು ನ್ಯಾಯ, ಇನ್ನೊಬ್ಬ ಮಾಡಿದ್ದು ಕಳ್ಳತನ. ಇನ್ನೂ ಹಿಂದಕ್ಕೆ ಹೋದರೆ ಜೆ.ಆರ್. ಜಯವರ್ಧನೆ ಸಿಗುತ್ತಾನೆ. 1977ರಲ್ಲಿ ಅವನ ಪಕ್ಷ 168ರಲ್ಲಿ 140 ಸೀಟು ಗೆದ್ದಿತ್ತು. ಆರರಲ್ಲಿ ಐದು ಪಾಲು. ಈ ಸೀಟುಗಳು ಕೈತಪ್ಪಿಯಾವು ಅಂತ 1982ರ ಡಿಸೆಂಬರ್ 22ರಂದು ಅವನು ಒಂದು ಜನಮತಗಣನೆ ನಡೆಸಿ ಸಂಸತ್ತಿನ ಚುನಾವಣೆಯನ್ನೇ ಆರು ವರ್ಷ ಮುಂದಕ್ಕೆ ಹಾಕಿಸಿಬಿಟ್ಟ. ಚುನಾವಣೆ ಬೇಡ ಅಂತ ಓಟು ಹಾಕಿ ಅಂತ ಜನರನ್ನೇ ಕೇಳುವುದು! ಅದಕ್ಕೆ ಕೊಟ್ಟ ಕಾರಣ ಏನು ಗೊತ್ತೆ? ವಿರೋಧಿಗಳಲ್ಲಿ ನಕ್ಸಲೀಯರು ಸೇರಿಕೊಂಡು ಒಳಸಂಚು ಮಾಡಿದ್ದಾರೆ ಅಂತ. ಬಂಗಾಳದ ಒಂದು ಹಳ್ಳಿಯ ಹೆಸರು ಸಮುದ್ರ ದಾಟಿ ಹೋಗಿ ಒಬ್ಬ ಸರ್ವಾಧಿಕಾರಿಯ ಚಾಕರಿ ಮಾಡಿತು ನೋಡಿ.

ಹಾಗಾದರೆ ಯಾವ ಅಳತೆಗೋಲಿನಿಂದ ಅಳೆಯೋಣ? ಕಾನೂನಿನ ಪ್ರಕಾರ ಇದೆಯಾ ಅಂತ ನೋಡಿದರೆ ಸಾಲದು, ರನಿಲನದ್ದೂ ಕಾನೂನಿನ ಪ್ರಕಾರವೇ ಇತ್ತು. ತಾನು ಸೋಲುವ ಅಪಾಯಕ್ಕೆ ಮೈಯೊಡ್ಡಿದ್ದಾನಾ ಅಂತ ನೋಡಿದರೂ ಸಾಲದು. ದಿಸ್ಸನಾಯಕೆಗೆ ಅಂಥಾ ದೊಡ್ಡ ಅಪಾಯವೇನೂ ಇರಲಿಲ್ಲ. ಎದುರಾಳಿಗಳು ದಿಕ್ಕಾಪಾಲಾಗಿದ್ದರು, ಹೊಸ ಅಧ್ಯಕ್ಷನಿಗೆ ಸಂಸತ್ತನ್ನೂ ಕೊಡೋಣ ಅನ್ನುವ ಗಾಳಿ ಬೀಸುತ್ತಿತ್ತು, ಆ ಗಾಳಿ ಇರುವಾಗಲೇ ತೂರಿಕೊಂಡ. ನನ್ನ ಅಳತೆಗೋಲು ಬೇರೆ. ಬಹುಮತವನ್ನು ಕೇಳುವಾಗ ಎಣಿಸಬೇಕಾದವರೆಲ್ಲ ಲೆಕ್ಕದಲ್ಲಿದ್ದಾರಾ? ಇವನು ಜನರನ್ನು ಕೂಡಿಸಿ ಬಹುಮತ ತಂದನಾ, ಕಳೆದು ತಂದನಾ?

ಕಳೆದು ತರುವುದು ಹೇಗೆ ಅಂತ ಕೇಳುವವರಿಗೆ ಅದೇ ದೇಶದ ಬೆಟ್ಟಗಳ ಕಡೆ ಕೈ ತೋರಿಸುತ್ತೇನೆ.

ಬ್ರಿಟಿಷರು 19ನೇ ಶತಮಾನದಲ್ಲಿ ಸಿಲೋನಿನ ಬೆಟ್ಟಗಳಲ್ಲಿ ಮೊದಲು ಕಾಫಿ, ಅದಕ್ಕೆ ರೋಗ ಬಿದ್ದ ಮೇಲೆ ಚಹಾ ಹಾಕಿದರು. ದುಡಿಯೋಕೆ ಆಳು ಬೇಕಾಯಿತು. ತಮಿಳುನಾಡಿನ ಬರದ ಸೀಮೆಗಳಿಂದ ಕಂಗಾಣಿಗಳು ಮುಂಗಡ ಕೊಟ್ಟು ಜನರನ್ನು ಹಿಡಿದು ತಂದರು. ಸಮುದ್ರ ದಾಟಿ, ಕಾಡಿನಲ್ಲಿ ನಡೆದು, ದಾರಿಯಲ್ಲೇ ಕಾಲರಾಕ್ಕೆ ಜ್ವರಕ್ಕೆ ಸತ್ತವರು ಸತ್ತು, ಉಳಿದವರು ತೋಟ ಸೇರಿದರು. ಯಾರು ಇವರು? ಹೆಚ್ಚಿನವರು ಪಳ್ಳರು, ಪರೈಯರು, ಅರುಂಧತಿಯರು. ನಮ್ಮವರೇ. ಊರಿನ ಬಾವಿ ಮುಟ್ಟಬಾರದು ಅಂದಿದ್ದ ನೆಲದಿಂದ ಹೋಗಿ, ಜಗತ್ತೆಲ್ಲ ಕುಡಿಯುವ ಚಹಾದ ಎಲೆ ಮುಟ್ಟಿದವರು. ಸಾಲಾಗಿ ಕಟ್ಟಿದ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಆ ಸಾಲುಮನೆಗಳಿಗೆ ಲಯ ಅಂತ ಹೆಸರು. ಸಂಗೀತದ ಲಯ ಅಲ್ಲ, ಇಂಗ್ಲಿಷಿನ ‘ಲೈನ್’ ತಮಿಳರ ಬಾಯಲ್ಲಿ ಹಾಗಾಯಿತು.

1947ರಲ್ಲಿ ಸ್ವಾತಂತ್ರ್ಯಕ್ಕೆ ಮುಂಚಿನ ಚುನಾವಣೆಯಲ್ಲಿ ಈ ಜನ ಓಟು ಹಾಕಿದರು. ತಮ್ಮವರನ್ನೇ ಸಂಸತ್ತಿಗೆ ಕಳಿಸಿದರು. ಬೇರೆ ಕೆಲವು ಕಡೆ ಎಡಪಕ್ಷದವರು ಗೆಲ್ಲೋಕೂ ಇವರ ಓಟು ನೆರವಾಯಿತು. ಅದನ್ನು ಕಂಡು ಆಳುವವರ ಎದೆ ಝಲ್ಲೆಂದಿತು. ಸ್ವಾತಂತ್ರ್ಯ ಬಂದ 1948ರಲ್ಲೇ ಡಿ.ಎಸ್. ಸೇನಾನಾಯಕೆಯ ಸರ್ಕಾರ ಪೌರತ್ವದ ಕಾಯ್ದೆ ತಂದಿತು. ನಿನ್ನಪ್ಪ ಇಲ್ಲೇ ಹುಟ್ಟಿದ್ದಕ್ಕೆ ದಾಖಲೆ ಇದೆಯಾ, ನಿಮ್ಮಜ್ಜ ಇಲ್ಲೇ ಹುಟ್ಟಿದ್ದಕ್ಕೆ ಕಾಗದ ಇದೆಯಾ ಅಂತ ತೋಟದ ಕೂಲಿಯನ್ನು ಕೇಳಿತು. ಹೆರಿಗೆ ನೋವು ಬಂದರೂ ಎಲೆ ಕೀಳುತ್ತಿದ್ದ ತಾಯಿ ಎಲ್ಲಿಂದ ತರುತ್ತಾಳೆ ಕಾಗದ? ಸುಮಾರು ಏಳು ಲಕ್ಷ ಜನ ಯಾವ ದೇಶಕ್ಕೂ ಸೇರದವರಾದರು. 1949ರಲ್ಲಿ ಓಟೂ ಹೋಯಿತು. 1952ರ ಚುನಾವಣೆಯಲ್ಲಿ ತೋಟದವರ ಪಕ್ಷದಿಂದ ಒಬ್ಬರೂ ಆರಿಸಿ ಬರಲಿಲ್ಲ. ಜಾಫ್ನಾದ ಮೇಲ್ಜಾತಿ ತಮಿಳರ ದೊಡ್ಡ ನಾಯಕ ಜಿ.ಜಿ. ಪೊನ್ನಂಬಲಂ ಅದೇ ಸರ್ಕಾರದಲ್ಲಿ ಮಂತ್ರಿಯಾಗಿ 1949ರ ಪೌರತ್ವ ಕಾಯ್ದೆಯ ಪರವಾಗಿ ನಿಂತ. ಚೆಲ್ವನಾಯಗಂ ಅಂಥವರು ಅದನ್ನು ಸಹಿಸದೆ ಬೇರೆ ಪಕ್ಷ ಕಟ್ಟಿದರು ಅನ್ನುವುದನ್ನೂ ಹೇಳಬೇಕು. ನುಡಿ ಒಂದೇ ಆದಮಾತ್ರಕ್ಕೆ ಹೊಟ್ಟೆ ಒಂದೇ ಆಗುವುದಿಲ್ಲ.

ಈ ಕಥೆಯಲ್ಲಿ ನನ್ನ ನಿದ್ದೆ ಕೆಡಿಸಿದ ಒಂದು ಸಣ್ಣ ಸಂಗತಿ ಇದೆ. ಬೆಟ್ಟದ ಸೀಮೆಗೆ ಎಷ್ಟು ಕ್ಷೇತ್ರ ಅಂತ ಗೊತ್ತುಮಾಡುವಾಗ ಜನಸಂಖ್ಯೆ ಎಣಿಸುತ್ತಿದ್ದರಲ್ಲ, ಆಗ ಈ ಓಟಿಲ್ಲದ ತೋಟದವರ ತಲೆಗಳನ್ನೂ ಸೇರಿಸಿಯೇ ಎಣಿಸುತ್ತಿದ್ದರು. ಹಾಗಾಗಿ ಬೆಟ್ಟದ ಕ್ಷೇತ್ರಗಳು ಹೆಚ್ಚಾದವು, ಅಲ್ಲಿ ಓಟು ಹಾಕುವ ಸಿಂಹಳೀಯರ ಒಂದೊಂದು ಓಟಿನ ತೂಕವೂ ಹೆಚ್ಚಾಯಿತು. ತಲೆ ಲೆಕ್ಕಕ್ಕೆ ಬಂತು, ಬೆರಳು ಲೆಕ್ಕಕ್ಕೆ ಬರಲಿಲ್ಲ. ಸಂಸತ್ತಿನಲ್ಲಿ ಎತ್ತಿದ ಪ್ರತಿಯೊಂದು ಕೈಯೂ ಕಾನೂನುಬದ್ಧವಾಗಿ ಆರಿಸಿಬಂದವನ ಕೈಯೇ. ಬಹುಮತವೇ. ತನಗೆ ಒಗ್ಗದ ಪ್ರಜೆಗಳನ್ನು ಕಳೆದು ಇನ್ನೂ ದೊಡ್ಡ ಬಹುಮತವಾದ ಬಹುಮತ.

ಆಮೇಲೆ ಎರಡು ದೇಶಗಳು ಕೂತು ಈ ಜನರನ್ನು ರಾಗಿ ಮೂಟೆಯ ಹಾಗೆ ಪಾಲು ಮಾಡಿಕೊಂಡವು. 1964ರ ಅಕ್ಟೋಬರಿನಲ್ಲಿ ಸಿರಿಮಾವೊ ಮತ್ತು ಶಾಸ್ತ್ರಿ ಸಹಿ ಹಾಕಿದ ಒಪ್ಪಂದದಲ್ಲಿ ಒಟ್ಟು 9,75,000 ಜನ. ಇದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000 ಜನರ ಮಾತು ಆಮೇಲೆ. 1974ರಲ್ಲಿ ಆ ಉಳಿದದ್ದನ್ನೂ 75,000ದಂತೆ ಸಮಪಾಲು ಮಾಡಿದರು. ನಿನಗೆ ಎಲ್ಲಿ ಬದುಕಬೇಕು ಅನ್ನಿಸುತ್ತೆ ಅಂತ ಆ ಜನರನ್ನು ಆ ಮೇಜಿನ ಹತ್ತಿರ ಕರೆದು ಕೇಳಿದವರಿಲ್ಲ. ಹೀಗೆ ಹಡಗು ಹತ್ತಿ ಬಂದವರಲ್ಲಿ ಕೆಲವರು ನಮ್ಮ ಕರ್ನಾಟಕಕ್ಕೂ ಬಂದರು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿನ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಅವರಿಗೆ ಕೆಲಸ ಕೊಟ್ಟರು. ಚಹಾ ಎಲೆ ಕಿತ್ತ ಕೈ ರಬ್ಬರು ಮರ ಕೆರೆಯಲು ಕಲಿಯಿತು. ಆ ಕಡೆ ಒಂದು ಕವಿಗೋಷ್ಠಿಗೆ ಹೋಗಿದ್ದಾಗ ಒಬ್ಬ ಅಜ್ಜಿ ಸಿಕ್ಕಿದ್ದರು. ತಮಿಳು ತುಳು ಎರಡೂ ಕಲಸಿದ ಕನ್ನಡದಲ್ಲಿ ಅವರಂದದ್ದು ಇಷ್ಟು: ‘ನಮ್ಮಪ್ಪ ಅಲ್ಲಿ ಒಂದೇ ಸರ್ತಿ ಓಟು ಹಾಕಿದ್ದು ಮಗಾ. ಇನ್ನೊಂದು ಸರ್ತಿ ಹೋದರೆ ನೀನು ಲೆಕ್ಕದಲ್ಲಿಲ್ಲ ಅಂದರಂತೆ. ಇವರು ಮೊದಲು ಮಾಡಿದ ಲೆಕ್ಕ ತಪ್ಪಿರಬೇಕು ಅಂತ ಅವನು ಸಾಯುವ ತನಕ ಅಂದುಕೊಂಡಿದ್ದ.’

ಲಂಕೆಯಲ್ಲೇ ಉಳಿದವರಿಗೆ ಪೌರತ್ವದ ಬಾಗಿಲು ಪೂರ್ತಿ ತೆರೆದದ್ದು 2003ರ ಕಾಯ್ದೆಯಿಂದ. 1948ರಿಂದ 2003ಕ್ಕೆ ಎಷ್ಟು ವರ್ಷ ಅಂತ ನೀವೇ ಎಣಿಸಿಕೊಳ್ಳಿ.

ಬಾಬಾಸಾಹೇಬರು ಸಂವಿಧಾನ ಬರೆಯುವುದಕ್ಕೆ ಮುಂಚೆಯೇ, 1947ರ ಹೊತ್ತಿಗೇ, ಒಂದು ಭೇದ ಮಾಡಿ ತೋರಿಸಿದ್ದರು. ಕಟ್ಟಿದ ಬಹುಮತ ಬೇರೆ, ಹುಟ್ಟಿನಿಂದ ಬಂದ ಬಹುಮತ ಬೇರೆ ಅಂತ. ಕಟ್ಟಿದ್ದು ಇವತ್ತು ಇದೆ, ನಾಳೆ ಮುರಿಯುತ್ತೆ, ಒಳಗಿನವರು ಹೊರಗೆ ಬರುತ್ತಾರೆ, ಹೊರಗಿನವರು ಒಳಗೆ ಹೋಗುತ್ತಾರೆ. ಹುಟ್ಟಿನಿಂದ ಬಂದದ್ದಕ್ಕೆ ಬಾಗಿಲೇ ಇಲ್ಲ. ನಮ್ಮೂರ ಅರಳೀಕಟ್ಟೆಯ ನ್ಯಾಯದಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರಿನದು 300 ಮನೆ, ಕೇರಿಯದು 40. ನೀರಿನ ತಂಟೆ ಇರಲಿ, ಮೆರವಣಿಗೆಯ ದಾರಿಯ ತಂಟೆ ಇರಲಿ, ‘ಎಲ್ಲಾರೂ ಕೈ ಎತ್ತಿ, ಪ್ರಜಾಪ್ರಭುತ್ವ’ ಅನ್ನೋರು. ಕೈ ಎಣಿಸುವ ಮುಂಚೆಯೇ ಉತ್ತರ ಗೊತ್ತು. ನಮ್ಮಪ್ಪ ಕೈ ಎತ್ತುತ್ತಲೇ ಇರಲಿಲ್ಲ, ಟವಲ್ಲು ಕೊಡವಿಕೊಂಡು ಎದ್ದು ಬರೋನು. ಲಂಕೆಯ ಸಿಂಹಳ ಬೌದ್ಧ ಬಹುಮತವೂ ಹೀಗೇ ಹುಟ್ಟಿನಿಂದ ಬಂದ ಬಹುಮತವಾಗಿ ಮೆರೆಯಿತು. ಬುದ್ಧನ ಹೆಸರು ಹೇಳಿಕೊಂಡು ಮೆರೆಯಿತು ಅನ್ನುವುದು, ಬುದ್ಧನ ಕಡೆ ನಡೆದ ನಮ್ಮಂಥವರಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ಈಗ ದಿಸ್ಸನಾಯಕೆಯ ಪಕ್ಷದ ಮಾತಿಗೆ ಬರಬೇಕು. ಕೂಲಿಯ ಮಗ ಅಂದಕೂಡಲೇ ಎತ್ತಿ ಮೆರೆಸೋಕೆ ನಾನು ತಯಾರಿಲ್ಲ. ಎನ್‌ಪಿಪಿಯ ಬೆನ್ನೆಲುಬು ಜನತಾ ವಿಮುಕ್ತಿ ಪೆರಮುನ, ಜೆವಿಪಿ. ರೋಹಣ ವಿಜೇವೀರ 1960ರ ದಶಕದಲ್ಲಿ ಅದನ್ನು ಕಟ್ಟುವಾಗ ಹಳ್ಳಿಯ ಬಡ ಹುಡುಗರಿಗೆ ಐದು ಪಾಠ ಹೇಳಿಸುತ್ತಿದ್ದ. ಅದರಲ್ಲಿ ಒಂದು ಪಾಠ ‘ಭಾರತದ ವಿಸ್ತರಣವಾದ’. ಆ ಪಾಠದಲ್ಲಿ ತೋಟದ ತಮಿಳು ಕೂಲಿಗಳನ್ನು ಭಾರತದ ಕೈಗೊಂಬೆಗಳ ಹಾಗೆ ಚಿತ್ರಿಸಿದ್ದರು. ಜಗತ್ತಿನ ಕಾರ್ಮಿಕರೇ ಒಂದಾಗಿ ಅನ್ನುವ ಪಕ್ಷ ತನ್ನ ಬೆಟ್ಟದಲ್ಲೇ ಇದ್ದ ಕಾರ್ಮಿಕರನ್ನು ಹೊರಗಿಟ್ಟಿತು. ಉತ್ತರ ಮತ್ತು ಪೂರ್ವದ ಪ್ರಾಂತ್ಯಗಳನ್ನು ಸೇರಿಸಿದ್ದು ಸಿಂಧುವಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಜೆವಿಪಿಯವರು ಹಾಕಿದ ಅರ್ಜಿಯ ಮೇಲೆ. ಕಳೆಯುವ ಲೆಕ್ಕ ಇವರಿಗೂ ಚೆನ್ನಾಗಿ ಬರುತ್ತಿತ್ತು.

ಇನ್ನೊಂದೂ ಇದೆ. ಬಹುಮತದ ಗೊಡವೆಯೇ ಬೇಡ ಅಂತ ಇದೇ ಪಕ್ಷ ಎರಡು ಸಲ ಕೋವಿ ಹಿಡಿದಿತ್ತು, 1971ರ ಏಪ್ರಿಲಿನಲ್ಲಿ ಒಂದು ಸಲ, 1987ರಿಂದ 1989ರ ತನಕ ಇನ್ನೊಂದು ಸಲ. ಸರ್ಕಾರ ಸಾವಿರಾರು ಹುಡುಗರನ್ನು ಕೊಂದು ನದಿಗೆ ಎಸೆಯಿತು, ರಸ್ತೆ ಬದಿಯಲ್ಲಿ ಟೈರು ಹಾಕಿ ಸುಟ್ಟಿತು. ಜೆವಿಪಿಯೂ ತನ್ನ ಮಾತು ಕೇಳದ ಎಡಪಕ್ಷದವರನ್ನು, ಸಂಘದವರನ್ನು ಕೊಂದಿತು. ವಿಜೇವೀರನನ್ನು 1989ರ ನವೆಂಬರ್ 13ರಂದು ಮುಗಿಸಿದರು. 35 ವರ್ಷ ಆದ ಮಾರನೆಯ ದಿನ, 2024ರ ನವೆಂಬರ್ 14ರಂದು, ಅದೇ ಪಕ್ಷ ಜನರ ಮುಂದೆ ಕೈಯೊಡ್ಡಿ ನಿಂತಿತ್ತು. ನಮ್ಮಲ್ಲೂ ಓಟು ಅಂದರೆ ಮೂಗು ಮುರಿಯುವ ಗೆಳೆಯರಿದ್ದಾರೆ. ಓಟು ಬಂಡವಾಳಶಾಹಿಯ ಆಟಿಕೆ, ಹೆಂಡ ಸೀರೆಯ ವ್ಯಾಪಾರ ಅನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವರನ್ನು ನಾನು ಕೇಳುತ್ತೇನೆ: ಅಷ್ಟು ಕೆಲಸಕ್ಕೆ ಬಾರದ ವಸ್ತುವಾಗಿದ್ದರೆ ಸೇನಾನಾಯಕೆ ಯಾಕೆ ಅದನ್ನು ತೋಟದ ಕೂಲಿಯ ಕೈಯಿಂದ ಕಿತ್ತುಕೊಳ್ಳಲು ಅಷ್ಟೊಂದು ಅವಸರ ಮಾಡಿದ? ಕಳ್ಳ ಬೆಲೆಯಿಲ್ಲದ್ದನ್ನು ಕದಿಯೋದಿಲ್ಲ.

ನವೆಂಬರ್ 14ರ ಫಲಿತಾಂಶ ನೋಡಿ. ಎನ್‌ಪಿಪಿಗೆ ಶೇಕಡಾ 61ರ ಮೇಲೆ ಓಟು, 225ರಲ್ಲಿ 159 ಸೀಟು. ಅಧ್ಯಕ್ಷನಿಗೆ ಬಿದ್ದಿದ್ದಕ್ಕಿಂತ ಹತ್ತು ಹನ್ನೆರಡು ಲಕ್ಷ ಹೆಚ್ಚು ಓಟು, ಅದೂ ಮತಗಟ್ಟೆಗೆ ಬಂದವರ ಸಂಖ್ಯೆ ಕಡಿಮೆಯಾದಾಗ. 22 ಜಿಲ್ಲೆಗಳಲ್ಲಿ 21 ಅವರ ಕೈಗೆ. ಜಾಫ್ನಾದಲ್ಲಿ 6ಕ್ಕೆ 3. ಚಹಾ ತೋಟದ ನುವರ ಎಲಿಯದಲ್ಲಿ 8ಕ್ಕೆ 5. ಯಾವ ಜನರನ್ನು ಆ ಐದು ಪಾಠಗಳಲ್ಲಿ ಪರಕೀಯರು ಅಂದಿದ್ದರೋ ಆ ಜನ ಬಂದು ಓಟು ಹಾಕಿದ್ದರು. ನುವರ ಎಲಿಯದಿಂದ ಕೃಷ್ಣನ್ ಕಲೈಚೆಲ್ವಿ, ಬದುಳ್ಳದಿಂದ ಅಂಬಿಕಾ ಸಾಮುವೆಲ್, ಬೆಟ್ಟದ ತಮಿಳರ ಇಬ್ಬರು ಹೆಣ್ಣುಮಕ್ಕಳು ಮೊದಲ ಬಾರಿಗೆ ಆರಿಸಿ ಸಂಸತ್ತಿಗೆ ಹೋದರು. ಓಟು ಕಿತ್ತುಕೊಂಡು 75 ವರ್ಷ ಆಗಿತ್ತು.

ಇದು ಕೂಡಿ ತಂದ ಬಹುಮತ. ಇದನ್ನು ಒಪ್ಪಲೇಬೇಕು, ನಾನು ಒಪ್ಪುತ್ತೇನೆ. ಆದರೆ 159 ಅನ್ನುವ ಅಂಕಿಯೇ ನನ್ನನ್ನು ಹೆದರಿಸುತ್ತೆ. ಮೂರನೇ ಎರಡು ಪಾಲಿಗೆ ಬೇಕಾದ್ದು 150. ಇನ್ನು ಸಂಸತ್ತಿನೊಳಗೆ ಸಂವಿಧಾನ ತಿದ್ದೋಕೆ ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಬೆಟ್ಟದ ತಾಯಿ ಕೊಟ್ಟ ಓಟು, ಇನ್ನು ಅವಳನ್ನು ಕೇಳುವ ಅಗತ್ಯವೇ ಇಲ್ಲದ ಸ್ಥಿತಿಯನ್ನು ತಂದಿಟ್ಟಿತು. ಜಯವರ್ಧನೆಗೂ ಇಷ್ಟೇ ದೊಡ್ಡ ಸಂಖ್ಯೆ ಇತ್ತು, ಗೋಟಬಯನ ಪಕ್ಷಕ್ಕೂ 2020ರಲ್ಲಿ 145 ಇತ್ತು. ಆ ಸಂಖ್ಯೆಗಳಿಂದ ಅವರೇನು ಮಾಡಿದರು ಅಂತ ಕಂಡಿದ್ದೇವೆ. ಮೂರು ಸೀಟಿನವನಿಗೆ ಇದ್ದ ವಿನಯ 159 ಸೀಟಿನವನಿಗೆ ಎಲ್ಲಿಂದ ಬರಬೇಕು? ಹೊಸ ಮಂತ್ರಿಮಂಡಲದಲ್ಲಿ ಇಬ್ಬರು ತಮಿಳರು ಇದ್ದರು, ಸಂಪುಟ ದರ್ಜೆಯ ಮುಸ್ಲಿಂ ಮಂತ್ರಿ ಒಬ್ಬರೂ ಇರಲಿಲ್ಲ. ಅರ್ಹತೆ ನೋಡಿದ್ದೇವೆ, ಜಾತಿ ಮತ ನೋಡಿಲ್ಲ ಅನ್ನುವ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲವಾ ಗೆಳೆಯರೇ?

2025ರ ಮೇ 6ರಂದು, ರನಿಲ್ ನಿಲ್ಲಿಸಿದ್ದ ಸ್ಥಳೀಯ ಚುನಾವಣೆ ಕೊನೆಗೂ ನಡೆಯಿತು. ಎನ್‌ಪಿಪಿಯ ಓಟು ಶೇಕಡಾ 61ರಿಂದ 43ಕ್ಕೆ ಇಳಿಯಿತು. ಹೆಚ್ಚಿನ ಕಡೆ ಮೊದಲ ಸ್ಥಾನ ಅವರದೇ, ಆದರೆ ಉತ್ತರದ ತಮಿಳರು ಬಹಳ ಕಡೆ ತಮ್ಮ ಹಳೆಯ ಪಕ್ಷದತ್ತ ತಿರುಗಿದ್ದರು. ಎನ್‌ಪಿಪಿಯ ಕೆಲವರು ಇದನ್ನು ಹಿನ್ನಡೆ ಅಂದುಕೊಂಡಿರಬಹುದು. ನನಗೆ ಮಾತ್ರ ಖುಷಿಯಾಯಿತು. ಆರು ತಿಂಗಳಲ್ಲಿ ಸಡಿಲವಾಗುವ ಬಹುಮತ ಅಂದರೆ ಅದು ಕಟ್ಟಿದ್ದು, ಹುಟ್ಟಿದ್ದಲ್ಲ.

ಅಧ್ಯಕ್ಷನ ಆ ಸರ್ವಾಧಿಕಾರದ ಕುರ್ಚಿಯನ್ನೇ ತೆಗೆದುಹಾಕುತ್ತೇವೆ ಅಂತ ಎನ್‌ಪಿಪಿ ಮಾತು ಕೊಟ್ಟಿತ್ತು. ಜಯವರ್ಧನೆ 1978ರಲ್ಲಿ ಮಾಡಿಟ್ಟ ಕುರ್ಚಿ ಅದು. ಸಂಸತ್ತನ್ನು ಒಂದು ಸಹಿಯಿಂದ ಮನೆಗೆ ಕಳಿಸುವ ಶಕ್ತಿ ಇರುವುದೂ ಆ ಕುರ್ಚಿಗೇ. ಚಂದ್ರಿಕಾ 1994ರಲ್ಲಿ, ಸಿರಿಸೇನ 2015ರಲ್ಲಿ ತೆಗೀತೀನಿ ಅಂತ ಹೇಳಿಯೇ ಅದರಲ್ಲಿ ಕೂತವರು. ದಿಸ್ಸನಾಯಕೆ ಕೂತ ಮೊದಲ ವರ್ಷ ಕಳೆಯಿತು, ಕುರ್ಚಿ ಹಾಗೇ ಇತ್ತು. ತೋಟದವರು ದಿನಕ್ಕೆ 1,700 ರೂಪಾಯಿ ಕೂಲಿ ಬೇಕು ಅಂತ ಕೇಳುತ್ತಿದ್ದರಲ್ಲ, ಅದರ ಚೌಕಾಸಿಯೂ ಆ ವರ್ಷವೆಲ್ಲ ನಡೆದೇ ಇತ್ತು.